ಪ್ರಶ್ನೆಪತ್ರಿಕೆಗೆ ಖಜಾನೆ, ಮಗುವಿನ ವಿವರಕ್ಕೆ ವಾಟ್ಸ್ಆ್ಯಪ್

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಕಂದಾಯದ ಲೆಕ್ಕದಲ್ಲಿ ತುಮಕೂರಿನ ಈ ನಾಲ್ಕು ತಾಲ್ಲೂಕುಗಳನ್ನು ಶಿಕ್ಷಣ ಇಲಾಖೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಬೇರೆಯಾಗಿ ಎಣಿಸುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳಲ್ಲಿ ನಮ್ಮದು ಎಷ್ಟನೆಯದು ಎಂದು ಎಲ್ಲರೂ ಹುಡುಕುತ್ತಾರೆ. ಇಲಾಖೆ ಕೂಡಿಹಾಕುವ ಮಾಹಿತಿ, ಇಡುವ ಕಾವಲು ಎರಡೂ ಹೆಚ್ಚುಕಡಿಮೆ ಆ ಒಂದು ದಿನದ ಸುತ್ತಲೇ ಗಿರಕಿ ಹೊಡೆಯುತ್ತಿವೆ ಎಂಬುದು ನಮ್ಮ ತಕರಾರು.

ಕಾವಲನ್ನೇ ನೋಡಿ. 2016ರಲ್ಲಿ ದ್ವಿತೀಯ ಪಿಯು ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡೆರಡು ಸಲ ಸೋರಿ, ಮಕ್ಕಳು ಏಪ್ರಿಲ್ 12ರವರೆಗೆ ಕಾಯಬೇಕಾಯಿತು. ಆಮೇಲೆ ಪತ್ರಿಕೆ ಇಡುವ ಖಜಾನೆ, ಅದನ್ನು ಒಯ್ಯುವ ಮಾರ್ಗಾಧಿಕಾರಿ, ಪೊಲೀಸು ಎಲ್ಲವೂ ಬಿಗಿಯಾದವು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೊಠಡಿಯ ಕ್ಯಾಮೆರಾ ದೃಶ್ಯವನ್ನು ನೇರವಾಗಿ ಕಾಣಿಸುವ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಅಂದರೆ ಅಷ್ಟೂ ವರ್ಷ ನಾವು ಕಾದುಕೊಂಡು ಬಂದ ಅಂಕಿ ಮಕ್ಕಳ ಕಲಿಕೆಯನ್ನು ನಿಜವಾಗಿ ಹೇಳುತ್ತಿತ್ತೇ? ಸ್ಥಾನ ಉಳಿಸಿಕೊಳ್ಳುವ ಒತ್ತಡ ಕೊಠಡಿಯ ಶಿಸ್ತನ್ನು ಸಡಿಲಿಸುತ್ತದೆ, ಸಡಿಲಿದ ಶಿಸ್ತು ಅಂಕಿಯನ್ನು ಉಬ್ಬಿಸುತ್ತದೆ, ಉಬ್ಬಿದ ಅಂಕಿ ಮರುವರ್ಷದ ಒತ್ತಡವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಕ್ಯಾಮೆರಾ ಈ ಸುತ್ತನ್ನು ಒಂದು ಕಡೆ ಕತ್ತರಿಸಿತು. ಕೃಪಾಂಕ ಇನ್ನೊಂದು ಕಡೆಯಿಂದ ಮತ್ತೆ ಗಂಟು ಹಾಕಿತು. ಬಿಡಿ ಬಿಡಿಯಾಗಿ ಬೀಗ ಜಡಿಯುವವರಿಗೆ ಈ ಸುತ್ತು ಕಾಣುವುದೇ ಇಲ್ಲ.

ಇನ್ನು ವರ್ಷದ ಉಳಿದ ದಿನಗಳು. ಒಂದು ಮಗುವಿನ ಹೆಸರು, ಜಾತಿ, ಆಧಾರ್ ವಿವರವನ್ನು ಅದೇ ಮುಖ್ಯಶಿಕ್ಷಕರು ವಿದ್ಯಾರ್ಥಿ ದಾಖಲೆಯ ಎರಡು ಪೋರ್ಟಲ್‌ಗಳಾದ ಸ್ಯಾಟ್ಸ್‌ಗೊಮ್ಮೆ, ಯುಡೈಸ್‌ಗೊಮ್ಮೆ ತುಂಬಬೇಕು. ವಿದ್ಯಾರ್ಥಿವೇತನದ ಪೋರ್ಟಲ್ ಬೇರೆ. ಸಿಗ್ನಲ್ ಸಿಗದ ಊರಿನವರು ಪಾಸ್‌ವರ್ಡನ್ನು ಸೈಬರ್ ಸೆಂಟರಿನ ಹುಡುಗನಿಗೆ ಒಪ್ಪಿಸಿದರೆ ಅವರನ್ನು ಬಯ್ದು ಫಲವಿಲ್ಲ. ‘ತುರ್ತು, ಇಂದೇ ಕಳಿಸಿ’ ಎಂಬ ಸಂದೇಶಕ್ಕೆ ಜಾತಿ ಪ್ರಮಾಣಪತ್ರದ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಬೀಳುವುದೂ ಹೀಗೆಯೇ. ಹದಿನೆಂಟು ತುಂಬದವರ ಮಾಹಿತಿಗೆ ವಿಶೇಷ ರಕ್ಷಣೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳಿದೆ. ಸರ್ಕಾರಕ್ಕೆ ಅದರಲ್ಲಿ ರಿಯಾಯಿತಿಗಳಿವೆ, ಸರಿ. ಆದರೆ ರಿಯಾಯಿತಿ ಇದ್ದ ಮಾತ್ರಕ್ಕೆ ಫೋಟೊ ಹರಿದಾಡುವುದು ನಿಲ್ಲುವುದಿಲ್ಲವಲ್ಲ.

ಇಷ್ಟೆಲ್ಲ ತುಂಬಿಯೂ ಬೇಕಾದದ್ದು ಸಿಗುತ್ತದೆಯೇ? ಪಾವಗಡದ ಮೂರು ಕಡೆ ಆಂಧ್ರ. ದುಡಿಮೆಗೆ ಬೆಂಗಳೂರಿಗೆ ಗುಳೆ ಹೋಗುವ ಮನೆಗಳೂ ಇವೆ, ಗಡಿಯಾಚೆಯ ಮಡಕಶಿರಾ, ಹಿಂದೂಪುರದ ನೆಂಟರ ಮನೆಯಲ್ಲಿ ಮಕ್ಕಳನ್ನು ಬಿಡುವ ಮನೆಗಳೂ ಇವೆ. ಸ್ಯಾಟ್ಸ್ ರಾಜ್ಯದ್ದು, ಗಡಿಗೆ ನಿಲ್ಲುತ್ತದೆ, ಯುಡೈಸ್ ದೇಶದ್ದು. ಆದರೂ ಜೂನ್‌ನಲ್ಲಿ ತರಗತಿಗೆ ಬಾರದ ಮಗು ಶಾಲೆ ಬಿಟ್ಟಿತೇ, ಬೇರೆ ಶಾಲೆ ಸೇರಿತೇ ಎಂಬುದನ್ನು ತಿಳಿಯಲು ಶಿಕ್ಷಕರು ಕೊನೆಗೆ ಮಾಡುವುದು ಫೋನ್ ಕರೆಯನ್ನೇ.

ಈ ಗೋಜಲನ್ನು ಎಲ್ಲಿಂದ ಬಿಡಿಸುವುದು? ಬ್ರಿಟನ್ನಿನ ಪೀಟರ್ ಚೆಕ್‌ಲ್ಯಾಂಡ್ 1981ರ ತಮ್ಮ ಪುಸ್ತಕದಲ್ಲಿ ಬಿಡಿ ಭಾಗಗಳ ಬದಲು ಅವುಗಳ ನಡುವಿನ ನಂಟನ್ನು ನೋಡುವ ವ್ಯವಸ್ಥಾ ಚಿಂತನೆಯನ್ನು ಸಂಸ್ಥೆಗಳಿಗೆ ಅನ್ವಯಿಸುವಾಗ ಮೊದಲು ಕೇಳಿದ್ದು ಯಂತ್ರದ ಪ್ರಶ್ನೆಯನ್ನಲ್ಲ: ಈ ಸಂಸ್ಥೆ ಯಾರಿಗಾಗಿ, ಏನು ಮಾಡುತ್ತದೆ, ಯಾರ ಕಣ್ಣಿನಿಂದ ನೋಡಿದಾಗ? ಮಧುಗಿರಿಯ ಉಪನಿರ್ದೇಶಕರ ಕಚೇರಿ ನಾಲ್ಕೂ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು (ಬಿಇಒ), ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳನ್ನು (ಸಿಆರ್‌ಪಿ), ಪಾವಗಡದ ಗಡಿ ಹಳ್ಳಿಯ ಒಬ್ಬ ಮುಖ್ಯಶಿಕ್ಷಕರನ್ನು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಬ್ಬ ತಾಯಿಯನ್ನು ಒಟ್ಟಿಗೆ ಕೂರಿಸಿ ಈ ಪ್ರಶ್ನೆಯನ್ನೇ ಕೇಳಲಿ. ಕಾಣೆಯಾದ ಮಗುವಿನ ಸುದ್ದಿ ಯಾರಿಗೆ, ಎಷ್ಟು ದಿನದೊಳಗೆ ಮುಟ್ಟಬೇಕು, ಅದರ ಜಾತಿ, ಆಧಾರ್ ಯಾರ್‍ಯಾರ ಕಣ್ಣಿಗೆ ಬೀಳಬಾರದು ಎಂದು ಅಲ್ಲಿ ಬರೆದುಕೊಳ್ಳಲಿ. ಆ ಪಟ್ಟಿಗೆ ಸೇರದ ನಮೂನೆಗಳನ್ನು ಮುಂದಿನ ಜೂನ್‌ಗೆ ಮುಂಚೆ ಕೈಬಿಡಲಿ. ಕೈಬಿಡುವ ಅಧಿಕಾರ ತನಗಿಲ್ಲದಿದ್ದರೆ ಬೆಂಗಳೂರಿಗೆ ಲಿಖಿತವಾಗಿ ಕೇಳಲಿ.