ಹರಾಜಿಗೆ ಬಂದ ಬಂದೂಕು

ಹರಾಜಿನಷ್ಟು ನ್ಯಾಯವಾದ ವ್ಯಾಪಾರ ಮತ್ತೊಂದಿಲ್ಲವೆಂದು ನನ್ನ ನಂಬಿಕೆ. ಅಂಗಡಿಯ ಸಾಹುಕಾರನು ಮುಖ ನೋಡಿ ಮಣೆ ಹಾಕುತ್ತಾನೆ. ಹರಾಜು ಮುಖವನ್ನೇ ನೋಡುವುದಿಲ್ಲ. ಕೂಗಿದವನು ಯಾವ ಕೇರಿಯವನು, ಯಾರ ಮಗ, ಅವನ ಅಂಗಿ ಹರಿದಿದೆಯೆ ಎಂದು ಅದು ಕೇಳದು. ಎಷ್ಟು ಕೊಡುತ್ತೀಯೆ ಎಂದಷ್ಟೇ ಕೇಳುತ್ತದೆ. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹಾಕುವ ಮನೆಗಳಿಂದ ಬಂದ ನಮ್ಮಂಥವರಿಗೆ ಇದು ಅರ್ಥಶಾಸ್ತ್ರದ ಪುಸ್ತಕದಿಂದ ತಿಳಿಯಬೇಕಾದ ವಿಷಯವಲ್ಲ. ಮಂಡಿಯವನು ಹೇಳಿದ ಬೆಲೆಗೆ ತಲೆಯಾಡಿಸಿ ಬರುವುದು ತಪ್ಪಿ, ವರ್ತಕರು ತಂತಮ್ಮ ಬೆಲೆಯನ್ನು ಟೆಂಡರಿನಲ್ಲಿ ಬರೆದು, ಹೆಚ್ಚು ಬರೆದವನಿಗೆ ಮಾಲು ಹೋಗುವಂತಾದುದು ರೈತನ ಪಾಲಿಗೆ ಸಣ್ಣ ಸಂಗತಿಯಲ್ಲ. ಆದುದರಿಂದ ಹರಾಜನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಮುಖ ನೋಡದಿರುವುದು ಯಾವ ಗುಣದಿಂದ ಕೊಬ್ಬರಿಗೆ ಒಳ್ಳೆಯದೋ ಅದೇ ಗುಣದಿಂದ ಬಂದೂಕಿಗೆ ಕೆಟ್ಟದ್ದು ಎಂಬುದಷ್ಟೇ ನನ್ನ ವಾದ.

ಬಂದೂಕನ್ನು ಯಾರಾದರೂ ಹರಾಜಿಗೆ ಹಾಕುವುದುಂಟೆ ಎಂದು ಕೆಲವು ಮಿತ್ರರು ಕೇಳಬಹುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಉಂಟು. ಅಲ್ಲಿ 1995ರಲ್ಲಿ ಹುಟ್ಟಿದ ಈಬೇ ಎಂಬ ಅಂತರ್ಜಾಲದ ಹರಾಜುಕಟ್ಟೆಯಲ್ಲಿ ಮೊದಮೊದಲು ಬೊಂಬೆ, ಗಡಿಯಾರ, ಹಳೆಯ ನಾಣ್ಯಗಳ ಜೊತೆಗೆ ಬಂದೂಕುಗಳೂ ಬರುತ್ತಿದ್ದವು. 1999ರಲ್ಲಿ ಆ ಸಂಸ್ಥೆ ಬಂದೂಕುಗಳನ್ನು ನಿಷೇಧಿಸಿತು. ಅದೇ ವರ್ಷ ಬಂದೂಕುಗಳಿಗೆಂದೇ ಗನ್‌ಬ್ರೋಕರ್ ಎಂಬ ಬೇರೊಂದು ಕಟ್ಟೆ ಆರಂಭವಾಯಿತು. ಅಂಗಡಿಯವರೇ ಆಗಬೇಕೆಂದಿಲ್ಲ, ಮನೆಯ ಕಪಾಟಿನಲ್ಲಿ ಅಜ್ಜನ ಕಾಲದ ಕೋವಿಯೊಂದು ಬಿದ್ದಿರುವ ಸಾಮಾನ್ಯ ಗೃಹಸ್ಥನೂ ಅದರ ಚಿತ್ರವನ್ನು ಹಾಕಿ, ಇಷ್ಟು ಡಾಲರಿನಿಂದ ಸವಾಲು ಆರಂಭ ಎಂದು ಬರೆದು ಕಾಯಬಹುದು.

2016ರ ಮೇ ತಿಂಗಳಲ್ಲಿ ಅಲ್ಲಿಗೆ ಒಂದು ಪಿಸ್ತೂಲು ಬಂದಿತು. ಮಾರುವವನು ಜಾರ್ಜ್ ಜಿಮ್ಮರ್‌ಮನ್. ಫ್ಲಾರಿಡಾದ ಸ್ಯಾನ್‌ಫರ್ಡ್ ಪಟ್ಟಣದಲ್ಲಿ 2012ರ ಫೆಬ್ರವರಿ 26ರಂದು, ಕೈಯಲ್ಲಿ ಆಯುಧವಿಲ್ಲದ ಟ್ರೇವಾನ್ ಮಾರ್ಟಿನ್ ಎಂಬ 17 ವರ್ಷದ ಕರಿಯ ಹುಡುಗನನ್ನು ಅವನು ಕೊಂದದ್ದು ಆ ಪಿಸ್ತೂಲಿನಿಂದಲೇ. ಆತ್ಮರಕ್ಷಣೆಗಾಗಿ ಹೊಡೆದೆನೆಂದ ಅವನನ್ನು 2013ರಲ್ಲಿ ನ್ಯಾಯಾಲಯ ಬಿಡುಗಡೆ ಮಾಡಿತ್ತು. ಆಯುಧವೂ ಅವನಿಗೆ ಹಿಂದಿರುಗಿತ್ತು. ಸವಾಲು 5000 ಡಾಲರಿನಿಂದ ಆರಂಭವೆಂದು ಅವನು ಬರೆದ. ಅಂಗಡಿಯಲ್ಲಿ ಕೆಲವು ನೂರು ಡಾಲರಿಗೆ ಹೊಸದೇ ಸಿಗುವ ಜಾತಿಯ ಪಿಸ್ತೂಲು ಅದು. ಉಳಿದ ಡಾಲರುಗಳು ಯಾವುದರ ಬೆಲೆ? ವಾಚಕರೇ ಹೇಳಲಿ. ಗನ್‌ಬ್ರೋಕರಿನವರು ಅದನ್ನು ತೆಗೆದುಹಾಕಿದರು. ಬೇರೊಂದು ಕಟ್ಟೆಯಲ್ಲಿ ಅದು ಮತ್ತೆ ಎದ್ದಿತು. ಅಲ್ಲಿ ಜನ, ನೋಡಿದೊಡನೆಯೇ ಕುಚೇಷ್ಟೆಯೆಂದು ತಿಳಿಯುವಂಥ ಕಳ್ಳ ಹೆಸರುಗಳಲ್ಲಿ ಸವಾಲು ಕೂಗಿ ಬೆಲೆಯನ್ನು ಆರೂವರೆ ಕೋಟಿ ಡಾಲರಿಗೂ ಮೇಲೆ ಏರಿಸಿದರು. ಅನೇಕರು ಇದನ್ನು ಓದಿ ನಕ್ಕಿರಬೇಕು. ನನಗೆ ನಗು ಬರಲಿಲ್ಲ. ಕುಚೇಷ್ಟೆಗಾರನು ಕಳ್ಳ ಹೆಸರಿನಿಂದ ಕೂಗಬಹುದಾದರೆ ಕೊಲೆಗಾರನೂ ಕೂಗಬಹುದು.

ಬಂದೂಕಿನ ವ್ಯಾಪಾರದಲ್ಲಿ ಕಳ್ಳ ಹೆಸರು ಹೊಸತೇನೂ ಅಲ್ಲ. ಅಂತರ್ಜಾಲ ಹುಟ್ಟುವ ಮೊದಲೇ ಅಮೆರಿಕದವರು ಅಂಚೆಯ ಮೂಲಕ ಬಂದೂಕು ತರಿಸಿಕೊಳ್ಳುತ್ತಿದ್ದರು. 1963ರಲ್ಲಿ ಲೀ ಹಾರ್ವೆ ಆಸ್ವಾಲ್ಡ್ ಎಂಬವನು ಮಾಸಪತ್ರಿಕೆಯ ಜಾಹೀರಾತಿನಿಂದ ಕತ್ತರಿಸಿದ ಚೀಟಿಯನ್ನು ತುಂಬಿ, ಎ. ಹಿಡೆಲ್ ಎಂಬ ಸುಳ್ಳು ಹೆಸರು ಬರೆದು, ಷಿಕಾಗೋದ ಅಂಗಡಿಯೊಂದರಿಂದ ದೂರದರ್ಶಕ ಸಮೇತವಾದ ರೈಫಲೊಂದನ್ನು ತರಿಸಿಕೊಂಡ. ಬೆಲೆ 19 ಡಾಲರು 95 ಸೆಂಟು; ಸಾಗಣೆಯೂ ಸೇರಿ 21 ಡಾಲರು 45 ಸೆಂಟು. ಅದೇ ವರ್ಷ ನವೆಂಬರ್ 22ರಂದು ಡಲ್ಲಾಸಿನಲ್ಲಿ ಅಧ್ಯಕ್ಷ ಕೆನೆಡಿಯವರ ಪ್ರಾಣ ಹೋದುದು ಆ ರೈಫಲಿನಿಂದ. ಮಾರಿದ ಅಂಗಡಿಯವರು ಆಗಿನ ಕಾಯಿದೆಯನ್ನೇನೂ ಮೀರಿರಲಿಲ್ಲ. ಕೊಳ್ಳುವವನ ಮುಖವನ್ನು ಅವರು ಕಂಡಿರಲಿಲ್ಲ, ಕಾಣಬೇಕೆಂಬ ನಿಯಮವೂ ಇರಲಿಲ್ಲ, ಅಷ್ಟೆ.

ಆ ನಿಯಮ ಬರುವುದಕ್ಕೆ ಇನ್ನೂ ಐದು ವರ್ಷ, ಇನ್ನೆರಡು ದೊಡ್ಡ ಕೊಲೆಗಳು ಬೇಕಾದವು. ಮಾರ್ಟಿನ್ ಲೂಥರ್ ಕಿಂಗರೂ ರಾಬರ್ಟ್ ಕೆನೆಡಿಯವರೂ ಹತರಾದ 1968ರಲ್ಲಿಯೇ ಬಂದೂಕು ನಿಯಂತ್ರಣ ಕಾಯಿದೆ ಬಂದಿತು. ಖಾಸಗಿ ಮನುಷ್ಯನು ಬೇರೆ ಸಂಸ್ಥಾನದ ನಿವಾಸಿಗೆ ನೇರವಾಗಿ ಬಂದೂಕು ಮಾರಕೂಡದು; ಅದು ಲೈಸೆನ್ಸುದಾರ ವರ್ತಕನ ಕೈಯಿಂದಲೇ ದಾಟಬೇಕು ಎಂದಾಯಿತು. 1993ರ ಬ್ರೇಡಿ ಕಾಯಿದೆಯ ಫಲವಾಗಿ, 1998ರಿಂದ ಆ ವರ್ತಕನು ಕೊಳ್ಳುವವನ ಹೆಸರನ್ನು ಸರ್ಕಾರದ ದಾಖಲೆಯೊಡನೆ ತಾಳೆ ನೋಡಿ, ಅವನು ಶಿಕ್ಷೆಗೊಳಗಾದವನೋ ನಿಷೇಧಕ್ಕೊಳಗಾದವನೋ ಎಂಬುದನ್ನು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತಾನೆ. ಹೀಗಾಗಿ ಅಂತರ್ಜಾಲದ ಹರಾಜಿನಲ್ಲಿ ಟೆಕ್ಸಾಸಿನವನು ಕೂಗಿ ಗೆದ್ದ ಓಹಯೋದ ಕೋವಿ ಅವನ ಮನೆಬಾಗಿಲಿಗೆ ಬರುವುದಿಲ್ಲ. ಅವನ ಊರಿನ ವರ್ತಕನ ಅಂಗಡಿಗೆ ಬರುತ್ತದೆ. ಅಲ್ಲಿ ಅವನು ಮುಖ ತೋರಿಸಿ, ಗುರುತುಪತ್ರ ಕೊಟ್ಟು, ಅರ್ಜಿ ತುಂಬಿ, ತಾಳೆ ಮುಗಿದ ಮೇಲೆ ತೆಗೆದುಕೊಳ್ಳಬೇಕು. ಇದು ಒಳ್ಳೆಯ ಏರ್ಪಾಡು. ಅಂತರ್ಜಾಲವೆಂದೊಡನೆ ಬೆಚ್ಚಿಬೀಳುವವರು ಇದನ್ನು ಗಮನಿಸಬೇಕು.

ವಿಚಿತ್ರವಿರುವುದು ಇದರ ಮುಂದೆ. ಕೊಳ್ಳುವವನು ಅದೇ ಸಂಸ್ಥಾನದವನಾದರೆ ಕೇಂದ್ರದ ಕಾಯಿದೆ ಈ ತಾಳೆಯನ್ನು ಖಾಸಗಿ ಮಾರಾಟಗಾರನಿಂದ ಕೇಳುವುದೇ ಇಲ್ಲ. ಕ್ಯಾಲಿಫೋರ್ನಿಯಾ 1991ರಿಂದಲೂ, ಕೊಲೊರಾಡೊ 2013ರಿಂದಲೂ, ಇನ್ನು ಕೆಲವು ಸಂಸ್ಥಾನಗಳು ತಮ್ಮದೇ ಶಾಸನಗಳಿಂದಲೂ ಈ ಬಾಗಿಲನ್ನು ಮುಚ್ಚಿವೆ. ಉಳಿದ ಅನೇಕ ಕಡೆ ಅದು ತೆರೆದೇ ಇದೆ. ದೂರದವನನ್ನು ಸಂಶಯಿಸಿ ಹತ್ತಿರದವನನ್ನು ನಂಬುವ ಈ ನೀತಿ ಹಳ್ಳಿಗೆ ಸರಿ. ಅಲ್ಲಿ ಹತ್ತಿರದವನೆಂದರೆ ಪರಿಚಿತನೇ. ಕೋಟಿಗಟ್ಟಲೆ ಜನರಿರುವ ಸಂಸ್ಥಾನವೊಂದರಲ್ಲಿ, ಗಾಜಿನ ಪರದೆಯ ಮೇಲೆ ಕಂಡ ಹೆಸರನ್ನು ನೆರೆಯವನೆಂದು ಭಾವಿಸುವುದು ಹೇಗೆ?

ಆ ಕಾಯಿದೆಯಲ್ಲಿ ಇನ್ನೊಂದು ಮಾತಿದೆ. ನಿಷೇಧಕ್ಕೊಳಗಾದವನೆಂದು ತಿಳಿದೋ, ಹಾಗೆ ಭಾವಿಸಲು ತಕ್ಕ ಕಾರಣವಿದ್ದೋ ಮಾರಿದರೆ ಮಾತ್ರ ಅಪರಾಧ. ಮೇಲಿಂದ ನೋಡಿದರೆ ನ್ಯಾಯವೇ. ಆದರೆ ಇದರ ಪರಿಣಾಮವೇನು? ಕೇಳಿದವನಿಗೆ ತಿಳಿಯುತ್ತದೆ, ತಿಳಿದವನಿಗೆ ಹೊಣೆ ಬರುತ್ತದೆ, ಕೇಳದವನು ನಿಶ್ಚಿಂತ. ಕೇಳಬೇಕೆಂಬ ಮನಸ್ಸಿದ್ದರೂ ಸರ್ಕಾರದ ದಾಖಲೆ ಖಾಸಗಿಯವನಿಗೆ ನೇರವಾಗಿ ಸಿಗದು. ವರ್ತಕನ ಬಳಿಗೇ ಹೋಗಬೇಕು, ಅವನಿಗೆ ಶುಲ್ಕ ಕೊಡಬೇಕು. ಅಜ್ಞಾನಕ್ಕೆ ರಕ್ಷಣೆ, ವಿಚಾರಣೆಗೆ ಖರ್ಚು! 2012ರ ಅಕ್ಟೋಬರಿನಲ್ಲಿ ವಿಸ್ಕಾನ್ಸಿನ್ನಿನ ಬ್ರೂಕ್‌ಫೀಲ್ಡಿನಲ್ಲಿ ಒಬ್ಬನು ತನ್ನ ಹೆಂಡತಿಯೂ ಸೇರಿ ಮೂವರು ಹೆಂಗಸರನ್ನು ಕೊಂದು ತಾನೂ ಸತ್ತನು. ಹೆಂಡತಿಯನ್ನು ಹಿಂಸಿಸಿದುದಕ್ಕಾಗಿ ನ್ಯಾಯಾಲಯ ಅವನಿಗೆ ಬಂದೂಕನ್ನು ನಿಷೇಧಿಸಿತ್ತು. ಅಂಗಡಿಗೆ ಹೋಗಿದ್ದರೆ ಸಿಗುತ್ತಿರಲಿಲ್ಲ. ಆರ್ಮ್ಸ್‌ಲಿಸ್ಟ್ ಎಂಬ ಅಂತರ್ಜಾಲದ ಜಾಹೀರಾತು ಫಲಕದಲ್ಲಿ ಖಾಸಗಿಯವನೊಬ್ಬನನ್ನು ಹುಡುಕಿ ಕೊಂಡನು. ಅದು ಹರಾಜಲ್ಲ, ಬರಿಯ ಜಾಹೀರಾತು. ಆದರೆ ಮುಖ ನೋಡದಿರುವುದು ಎರಡಕ್ಕೂ ಒಂದೇ. ಸತ್ತವರ ಕಡೆಯವರು ಫಲಕದ ಒಡೆಯರ ಮೇಲೆ ದಾವೆ ಹೂಡಿದರು. ಇತರರು ಬರೆದುದಕ್ಕೆ ಫಲಕದವರು ಹೊಣೆಯಲ್ಲವೆಂಬ 1996ರ ಶಾಸನವನ್ನು ಹಿಡಿದು ವಿಸ್ಕಾನ್ಸಿನ್ನಿನ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಆ ದಾವೆಯನ್ನು ತಳ್ಳಿಹಾಕಿತು.

ಇದನ್ನು ಸರಿಪಡಿಸುವ ಪ್ರಯತ್ನ ಆಗಲಿಲ್ಲವೆಂದಲ್ಲ. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ದೊಡ್ಡವರೂ ಹತರಾದ ಮೇಲೆ, ಅಂತರ್ಜಾಲದ ಮಾರಾಟಕ್ಕೂ ಬಂದೂಕು ಜಾತ್ರೆಗಳ ಮಾರಾಟಕ್ಕೂ ತಾಳೆಯನ್ನು ಕಡ್ಡಾಯಮಾಡುವ ತಿದ್ದುಪಡಿ 2013ರ ಏಪ್ರಿಲಿನಲ್ಲಿ ಸೆನೆಟ್ಟಿಗೆ ಬಂದಿತು. ಪರವಾಗಿ 54, ವಿರುದ್ಧ 46. ಅಲ್ಲಿನ ಪದ್ಧತಿಯಂತೆ 60 ಬೇಕಾದ್ದರಿಂದ ಅದು ಬಿದ್ದುಹೋಯಿತು. ನಮ್ಮ ತರಗತಿಯಲ್ಲಿ ಬಹುಮತವೆಂದರೆ ಏನೆಂದು ಪಾಠ ಓದುವಾಗ ಈ ಲೆಕ್ಕ ನನಗೆ ಆಗಾಗ ನೆನಪಾಗುತ್ತದೆ.

ವಿರೋಧಿಸಿದವರ ಅಂಜಿಕೆಯನ್ನು ಹಾಸ್ಯಮಾಡುವುದು ಸಲ್ಲದು. ಹೆಸರುಗಳು ಸರ್ಕಾರದ ಪಟ್ಟಿಗೆ ಸೇರಿದರೆ ಮುಂದೊಂದು ದಿನ ಬಂದೂಕುಗಳನ್ನೇ ಕಿತ್ತುಕೊಳ್ಳಬಹುದೆಂಬುದು ಅವರ ಭಯ. 1878ರ ಶಸ್ತ್ರ ಕಾಯಿದೆಯಿಂದ ಬ್ರಿಟಿಷರು ನಮ್ಮನ್ನು ನಿರಾಯುಧರನ್ನಾಗಿ ಮಾಡಿದುದನ್ನು ಗಾಂಧೀಜಿಯವರೇ ಖಂಡಿಸಿದ್ದರು. ಆ ಭಯ ನಮಗೆ ಅರ್ಥವಾಗದ್ದೇನಲ್ಲ. ಆದರೆ ಬಂದೂಕುದಾರರ ರಾಷ್ಟ್ರೀಯ ಪಟ್ಟಿಯನ್ನು ಮಾಡಕೂಡದೆಂದು ಅವರದೇ 1986ರ ಶಾಸನ ಹೇಳುತ್ತದೆ. ಅಂಗಡಿಯಲ್ಲಿ ತುಂಬಿದ ಅರ್ಜಿ ವರ್ತಕನಲ್ಲಿ ಉಳಿಯುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಸಹಿಸಿದ ನಿಯಮವನ್ನು ಖಾಸಗಿಯವನಿಂದ ಕೊಳ್ಳುವಾಗ ಸಹಿಸಲಾರೆವೆನ್ನುವುದಕ್ಕೆ ನನಗೆ ಕಾರಣ ಕಾಣದು.

ನಮ್ಮ ದೇಶದ ಕಾಯಿದೆ ಈ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿದಿದೆ. 1959ರ ಶಸ್ತ್ರ ಕಾಯಿದೆಯ 5ನೆಯ ಪ್ರಕರಣದ ಪ್ರಕಾರ, ಸ್ವಂತ ಉಪಯೋಗಕ್ಕಿಟ್ಟುಕೊಂಡ ಕೋವಿಯನ್ನು ಮಾರುವವನಿಗೆ ವರ್ತಕನ ಲೈಸೆನ್ಸು ಬೇಕಿಲ್ಲ. ಆದರೆ ಯಾರಿಗೆ ಮಾರುತ್ತೇನೆಂಬುದನ್ನು, ಅವನ ಹೆಸರು ವಿಳಾಸಗಳ ಸಹಿತ, ಜಿಲ್ಲಾ ಮ್ಯಾಜಿಸ್ಟ್ರೇಟರಿಗಾಗಲಿ ಹತ್ತಿರದ ಠಾಣಾಧಿಕಾರಿಗಾಗಲಿ ಬರೆದು ತಿಳಿಸಬೇಕು. ತಿಳಿಸಿದ ಮೇಲೆ 45 ದಿನ ಕಳೆಯಬೇಕು. ಕೊಳ್ಳುವವನು ಕೋವಿ ಹೊಂದಲು ಅರ್ಹನಾಗಿರಬೇಕು. ಮೊದಲು ಹೆಸರು, ಆಮೇಲೆ ಕೋವಿ. ದನದ ಜಾತ್ರೆಯಲ್ಲಿ ಸಾಕಿದ ಎತ್ತನ್ನು ಮಾರುವ ರೈತನು, ದಲ್ಲಾಳಿ ಟವಲಿನ ಕೆಳಗೆ ಬೆರಳು ಹಿಡಿಯುವ ಮೊದಲೇ, ಯಾವೂರು, ಯಾರ ಮನೆಗೆ ಎಂದು ಕೇಳುವುದನ್ನು ನಾವೆಲ್ಲ ಕಂಡಿದ್ದೇವೆ. ಕಾಯಿದೆ ಮಾಡಿದವರು ಜಾತ್ರೆಗೆ ಹೋಗಿದ್ದರೋ ಇಲ್ಲವೋ ತಿಳಿಯದು, ಕ್ರಮ ಮಾತ್ರ ಅದೇ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯುಂಟು; 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. ಅಲ್ಲಿ ಕೈಲ್ ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸುವ ಕೋವಿಗೆ ಲೈಸೆನ್ಸಿರದಿದ್ದರೂ ಒಂದು ಮನೆತನದ ಹೆಸರಿದೆ. ಹೆಸರಿಲ್ಲದ ಕೋವಿಯೇ ಅಪಾಯ.

ನಮ್ಮದೆಲ್ಲ ಸರಿಯಿದೆಯೆಂದು ಮೆರೆಯುವಂತಿಲ್ಲ. 2019ರ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕಿಳಿಯಿತು. ಹೆಚ್ಚಿನದನ್ನು ಬಿಡಬೇಕಾದವನಿಗೂ, ಗಂಡನ ಕೋವಿಯನ್ನು ಏನು ಮಾಡಬೇಕೆಂದು ತಿಳಿಯದ ವಿಧವೆಗೂ ಅದರ ನ್ಯಾಯವಾದ ಬೆಲೆ ಏನೆಂದು ಹೇಳುವವರಾರು? ವರ್ತಕನು ಕೊಟ್ಟಷ್ಟೇ ಬೆಲೆ. ಮಂಡಿಯವನ ಮುಂದೆ ಕೊಬ್ಬರಿ ಹಿಡಿದು ನಿಂತವನ ಪಾಡೇ ಅವರದೂ. ಇಂಥವರಿಗೆ ಹರಾಜಿನಿಂದ ಉಪಕಾರವಾಗುವುದಾದರೆ ಬೇಡವೆನ್ನಲು ನನಗೆ ಮನಸ್ಸಿಲ್ಲ. ಜಿಲ್ಲೆಯ ಅಧಿಕಾರಿಗಳೇ ಅರ್ಹರಾದ ಲೈಸೆನ್ಸುದಾರರನ್ನು ಮೊದಲು ಆರಿಸಿ, ಅವರೊಳಗೆ ಮಾತ್ರ ಸವಾಲು ನಡೆಯಿಸಬಹುದು. ಅದು ಅಂತರ್ಜಾಲದಲ್ಲಿ ನಡೆದರೂ ಅಡ್ಡಿಯಿಲ್ಲ. ಗೆದ್ದವನ ಹೆಸರು ಠಾಣೆಗೆ ಹೋಗಲಿ. 45 ದಿನ ಕಳೆಯುವ ತನಕ ಕೋವಿ ಮಾರುವವರ ಮನೆಯಲ್ಲೋ ಠಾಣೆಯಲ್ಲೋ ಬೀಗದೊಳಗಿರಲಿ. ಹಣವೂ ಅಲ್ಲಿಯವರೆಗೆ ಖಜಾನೆಯಲ್ಲಿರಲಿ. ಬೇಡವಾದುದೇನಾದರೂ ತಿಳಿದುಬಂದರೆ ಹಣ ಗೆದ್ದವನಿಗೆ ಹಿಂದಕ್ಕೆ, ಕೋವಿ ಎರಡನೆಯವನಿಗೆ.