ಎರಡು ಗಂಟೆಯ ಚರಿತ್ರೆ

ಮದರಾಸಿನ ಕನ್ನಡಿಗರ ಸಾಂಸ್ಕೃತಿಕ ಬದುಕನ್ನು ಕುರಿತು ಮುಂದೊಂದು ದಿನ ಯಾರಾದರೂ ಬರೆಯ ಹೊರಟರೆ ಅವರಿಗೆ ದೊರೆಯುವ ಆಧಾರಗಳು ಯಾವುವು? ಆಮಂತ್ರಣ ಪತ್ರಿಕೆಗಳು, ಸ್ಮರಣ ಸಂಚಿಕೆಗಳು, ವಾರ್ಷಿಕ ವರದಿಗಳು. ಇವೆಲ್ಲ ನಾವು ನಮ್ಮನ್ನೇ ಹೊಗಳಿಕೊಂಡು ಮುದ್ರಿಸಿದ ಕಾಗದಗಳು. ಇಲ್ಲಿನ ಕನ್ನಡಿಗರು ಹೇಗೆ ಮಾತನಾಡಿದರು, ಯಾವುದಕ್ಕೆ ನಕ್ಕರು, ಯಾವುದಕ್ಕೆ ಜಗಳವಾಡಿದರು ಎಂಬುದಕ್ಕೆ ಇರುವ ದೊಡ್ಡ ಸಾಕ್ಷಿಯೆಂದರೆ 1980ರ ದಶಕದ ನಡುವಿನಿಂದ ಸುಮಾರು ಇಪ್ಪತ್ತು ವರ್ಷ ಸಂಘಗಳೂ ಮನೆಗಳೂ ತುಂಬಿಸಿಟ್ಟ ವಿಡಿಯೋ ಕ್ಯಾಸೆಟ್ಟುಗಳು. ಆ ಸಾಕ್ಷಿಯನ್ನು ನಾವು ಕೈಯಾರೆ ನಾಶಮಾಡುತ್ತಿದ್ದೇವೆ, ಮತ್ತು ಆ ನಾಶಕ್ಕೆ ‘ಡಿಜಿಟಲೀಕರಣ’ ಎಂಬ ಗೌರವದ ಹೆಸರನ್ನೂ ಇಟ್ಟಿದ್ದೇವೆ ಎಂಬುದು ನನ್ನ ಆರೋಪ.

ಆರೋಪ ಹೊರಿಸುವವನು ಆಧಾರವನ್ನೂ ಹೇಳಬೇಕು. ನಮ್ಮ ಸಂಘದ ಉಗ್ರಾಣದಲ್ಲಿ ನಲವತ್ತೊಂದು ವಿ.ಎಚ್.ಎಸ್. ಕ್ಯಾಸೆಟ್ಟುಗಳೂ ಎರಡು ಡಬ್ಬಿ ತುಂಬ ಸಿ.ಡಿ.ಗಳೂ ಇದ್ದವು. ರಾಜ್ಯೋತ್ಸವ, ನಾಡಹಬ್ಬ, ನಾಟಕ, ತಾಳಮದ್ದಲೆ, ದಾಸರ ಆರಾಧನೆ, ಮಕ್ಕಳ ಏಕಪಾತ್ರಾಭಿನಯ, ಸರ್ವಸದಸ್ಯರ ಸಭೆಯ ವಾಗ್ಯುದ್ಧ ಎಲ್ಲವೂ ಸೇರಿ ನೂರು ಗಂಟೆಗೂ ಮಿಕ್ಕ ದೃಶ್ಯ. ಕಾರ್ಯಕಾರಿ ಸಮಿತಿ ಇವನ್ನು ನುಂಗಂಬಾಕ್ಕಂ ಹೈರೋಡಿನ ಅಡ್ಡಬೀದಿಯೊಂದರ ಅಂಗಡಿಗೆ ಒಪ್ಪಿಸಿತು. ಒಪ್ಪಿಸುವಾಗ ಕೊಟ್ಟ ಸೂಚನೆ ಇಷ್ಟು: ಒಳ್ಳೊಳ್ಳೆಯ ಭಾಗ ಆರಿಸಿ, ಹಿನ್ನೆಲೆಗೆ ಸಂಗೀತ ಹಾಕಿ, ಎರಡು ಗಂಟೆಗೆ ಇಳಿಸಿ, ದಾನಿಗಳಿಗೆ ಹಂಚಲು ಪೆನ್‌ಡ್ರೈವಿಗೆ ತುಂಬಿಕೊಡಿ. ಹಳೆಯ ಕ್ಯಾಸೆಟ್ಟುಗಳನ್ನು ವಾಪಸು ಒಯ್ಯುತ್ತೀರಾ ಎಂದು ಅಂಗಡಿಯವರು ಕೇಳಿದಾಗ, ‘ಜಾಗವಿಲ್ಲ, ನೀವೇ ವಿಲೇವಾರಿ ಮಾಡಿಬಿಡಿ’ ಎಂದವರು ನಮ್ಮವರೇ. ಅವು ಗೋಣಿಚೀಲ ಸೇರಿ ತೂಕಕ್ಕೆ ಹೋಗುವ ಹಂತದಲ್ಲಿ ನಾವು ಮೂವರು ಸದಸ್ಯರು ಅಡ್ಡ ಹೋಗಿ ತಂದಿಟ್ಟುಕೊಂಡೆವು. ಅಂಗಡಿಯವರನ್ನು ನಾನು ದೂರುವುದಿಲ್ಲ. ಕನ್ನಡ ಬಾರದ ಆ ಯುವಕ, ಹೇಳಿದ ಕೆಲಸವನ್ನು ಹೇಳಿದ ದಿನಕ್ಕೆ ಮಾಡಿಕೊಟ್ಟಿದ್ದಾನೆ.

ಆ ಎರಡು ಗಂಟೆಯಲ್ಲಿ ಏನಿದೆ? ದೀಪ ಬೆಳಗುವುದು, ಹಾರ ಹಾಕುವುದು, ಶಾಲು ಹೊದಿಸುವುದು, ಪೇಟ ತೊಡಿಸುವುದು. ಮಂತ್ರಿಗಳೂ ನಟರೂ ಮಠಾಧಿಪತಿಗಳೂ ಬಂದುಹೋಗುವುದು. ಬಾಯಿಗಳು ಅಲುಗುತ್ತವೆ, ಮಾತು ಕೇಳಿಸದು. ಮೊದಲಿನಿಂದ ಕೊನೆಯವರೆಗೆ ಚಿತ್ರಗೀತೆಗಳ ವಾದ್ಯರೂಪ. (ಅದನ್ನು ಅಂತರಜಾಲಕ್ಕೆ ಏರಿಸಿದ ಎರಡನೆಯ ದಿನವೇ ಹಾಡಿನ ಹಕ್ಕುದಾರರ ಆಕ್ಷೇಪ ಬಂದು ಆ ಧ್ವನಿಯೂ ಅಡಗಿತು. ಈಗ ನಮ್ಮ ಚರಿತ್ರೆ ಮೂಕಿಚಿತ್ರ.)

ಬಿಟ್ಟುಹೋದದ್ದರ ಪಟ್ಟಿ ದೊಡ್ಡದು. ಸ್ವಾಗತ ಭಾಷಣದ ನಡುವೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ‘ಕೊಂಜ ತಳ್ಳಿ ಕೂತ್ಕೊಳ್ಳಿ ಮಾಮಿ’ ಎನ್ನುತ್ತಾಳೆ. ತಮಿಳಿನಲ್ಲಿ ‘ತಳ್ಳಿ’ ಎಂದರೆ ಸರಿದು ಎಂದರ್ಥ. ಬೆಂಗಳೂರಿನಿಂದ ಬಂದ ಅತಿಥಿಗೆ, ಪಾಪ, ಯಾರನ್ನೋ ನೂಕಲು ಹೇಳುತ್ತಿದ್ದಾರೆ ಎನ್ನಿಸಿದ್ದರೆ ಅಚ್ಚರಿಯಿಲ್ಲ. ಇದು ಮದರಾಸಿನ ಕನ್ನಡ. ತಿರುವಲ್ಲಿಕ್ಕೇಣಿಯ ಮಾಧ್ವ ಮನೆಗಳ ಕನ್ನಡ, ದೇವಾಂಗ ನೇಕಾರರ ಕನ್ನಡ, ಉಡುಪಿ ಸೀಮೆಯಿಂದ ಹೋಟೆಲು ಕೆಲಸಕ್ಕೆಂದು ಬಂದು ಇಲ್ಲಿಯೇ ಸಂಸಾರ ಹೂಡಿದವರ ಕನ್ನಡ: ಇವು ಯಾವ ನಿಘಂಟಿನಲ್ಲಿಯೂ ಇಲ್ಲ, ನಮ್ಮ ಸ್ಮರಣ ಸಂಚಿಕೆಗಳ ಪಂಡಿತ ಗದ್ಯದಲ್ಲಂತೂ ಇಲ್ಲವೇ ಇಲ್ಲ. ಇಲ್ಲಿ ಹುಟ್ಟಿ ಇಲ್ಲಿಯೇ ಓದಿದ ನಮ್ಮ ಮೊಮ್ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಲಿಪಿ ಬರುವುದಿಲ್ಲ. ಕಿವಿಗೆ ಬಿದ್ದರೆ ಮಾತ್ರ ಅರ್ಥವಾಗುತ್ತದೆ. ಅವರು ಓದಬಲ್ಲ ಏಕೈಕ ಗ್ರಂಥ ಈ ಕ್ಯಾಸೆಟ್ಟು. ಅದರಿಂದ ನಾವು ತೆಗೆದುಹಾಕಿದ್ದು ಮಾತನ್ನೇ.

ಇನ್ನೂ ಒಂದು ಕ್ಯಾಸೆಟ್ಟಿನ ಸಂಗತಿ ಹೇಳದೆ ಮುಂದೆ ಹೋಗಲಾರೆ. ಕಾವೇರಿ ನ್ಯಾಯಮಂಡಳಿ 1991ರ ಜೂನ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಡಿಸೆಂಬರಿನಲ್ಲಿ ಅದು ರಾಜ್ಯಪತ್ರದಲ್ಲಿ ಪ್ರಕಟವಾದೊಡನೆ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆಗಳು ನಡೆದವು. ಇಲ್ಲಿ ನಾವು ಬೀದಿಯಲ್ಲಿ ದನಿ ತಗ್ಗಿಸಿ ಮಾತನಾಡಿದ ದಿನಗಳವು. ಮುಂದೂಡಲ್ಪಟ್ಟ ನಮ್ಮ ರಾಜ್ಯೋತ್ಸವ 1992ರ ಆರಂಭದಲ್ಲಿ ಬಾಗಿಲು ಮುಚ್ಚಿಕೊಂಡು ನಡೆಯಿತು. ಅಂದಿನ ಅಧ್ಯಕ್ಷರು, ಈಗಿಲ್ಲ, ಅರ್ಧ ಕನ್ನಡದಲ್ಲಿ ಅರ್ಧ ತಮಿಳಿನಲ್ಲಿ ಇಪ್ಪತ್ತು ನಿಮಿಷ ಮಾತನಾಡಿದರು. ಬೆಂಗಳೂರಿನಲ್ಲಿ ಆದದ್ದಕ್ಕೆ ನಾಚಿಕೆಯಾಗುತ್ತಿದೆ ಎಂದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಕ್ಕಪಕ್ಕದ ತಮಿಳು ಮನೆಯವರಲ್ಲಿ ಒಬ್ಬರು ಎದ್ದು, ನೀವು ಹೊರಗಿನವರೆಂದು ನಮಗೆ ಯಾರಾದರೂ ಹೇಳಬೇಕಾಗಿತ್ತೇ, ಅಲ್ಲಿಯವರೆಗೆ ನಮಗೆ ಗೊತ್ತೇ ಇರಲಿಲ್ಲವಲ್ಲ ಎಂದು ತಮಿಳಿನಲ್ಲಿ ಉತ್ತರಿಸಿದರು. ಹೊರನಾಡ ಕನ್ನಡಿಗರ ರಾಜಕಾರಣವೆಂದರೇನು ಎಂದು ನನ್ನನ್ನು ಕೇಳಿದರೆ ಆ ಇಪ್ಪತ್ತು ನಿಮಿಷವನ್ನು ತೋರಿಸುತ್ತೇನೆ. ಎರಡು ಗಂಟೆಯ ಆವೃತ್ತಿಯಲ್ಲಿ ಅದರಿಂದ ಉಳಿದಿರುವುದು ಅಧ್ಯಕ್ಷರಿಗೆ ಹಾರ ಹಾಕಿದ ಆರು ಸೆಕೆಂಡು.

ಚಿತ್ರರಂಗದವರು ‘ಎಡಿಟಿಂಗ್’ ಎಂಬುದಕ್ಕೆ ಸಂಕಲನ ಎಂಬ ಮಾತನ್ನು ರೂಢಿಸಿದ್ದಾರೆ. ಸಾಹಿತ್ಯದವರು ಸಂಪಾದನೆ ಎನ್ನುತ್ತಾರೆ. ಒಂದರಲ್ಲಿ ಕೂಡಿಸುವ ಅರ್ಥವಿದೆ, ಇನ್ನೊಂದರಲ್ಲಿ ಗಳಿಸುವ ಅರ್ಥವಿದೆ. ಎರಡರಲ್ಲಿಯೂ ಕಳೆಯುವ ಅರ್ಥವಿಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ನೆಚ್ಚಿ ಕೆಲಸ ಕಲಿತ ನಮ್ಮ ವಿದ್ವಾಂಸರು ಸಿಕ್ಕ ಪ್ರತಿಗಳನ್ನೆಲ್ಲ ಕೂಡಿಹಾಕಿ, ಹೋಲಿಸಿ, ಒಪ್ಪದ ಪಾಠವನ್ನೂ ಪಾಠಾಂತರವಾಗಿ ಅಡಿಯಲ್ಲಿ ಕೊಟ್ಟು, ಓಲೆಗರಿಯನ್ನು ಮತ್ತೆ ಕಟ್ಟಿ ಭಂಡಾರದಲ್ಲಿಟ್ಟರು. ಗ್ರಂಥ ಅಚ್ಚಾಯಿತೆಂದು ಗರಿಗಳನ್ನು ಯಾರೂ ಒಲೆಗೆ ಹಾಕಲಿಲ್ಲ. ಈ ಶಿಸ್ತಿಗೆ ನಮ್ಮ ಊರೇ ನಿದರ್ಶನ. 1821ರಲ್ಲಿ ತೀರಿಕೊಂಡ ಕರ್ನಲ್ ಮೆಕೆಂಜಿಯು ಗ್ರಾಮಗ್ರಾಮಗಳಿಂದ ಬರೆಯಿಸಿ ತರಿಸಿದ ಕೈಫಿಯತ್ತುಗಳಲ್ಲಿ ಕನ್ನಡದವು ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಉಳಿದುಬಂದವು. ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ಕರ್ನಾಟಕದ ಕೈಫಿಯತ್ತುಗಳು’ ಎಂದು ಅಚ್ಚು ಹಾಕಿದ್ದು 1994ರಲ್ಲಿ. ಕೆರೆ, ಗುಡಿ, ಇನಾಮು, ಪಾಳೆಯಗಾರರ ಮನೆಜಗಳ ಎಂದು ಸಾಗುವ ಆ ಒಣ ಬರವಣಿಗೆಯಲ್ಲಿ ‘ಒಳ್ಳೊಳ್ಳೆಯ ಭಾಗ’ವನ್ನಷ್ಟೇ ಆರಿಸಿ ಉಳಿದದ್ದನ್ನು ಅಂದಿನ ಗುಮಾಸ್ತರು ಗುಜರಿಗೆ ಹಾಕಿದ್ದರೆ ಕಲಬುರ್ಗಿಯವರು ಸಂಪಾದಿಸಲು ಏನಿರುತ್ತಿತ್ತು?

ಇನ್ನು ಕೆಲಸದ ವಿಧಾನಕ್ಕೆ ಬರುತ್ತೇನೆ. ತಪ್ಪು ನಡೆಯುವುದು ಅಲ್ಲಿಯೇ. ನಮ್ಮ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಒಂದೊಂದು ಚಿತ್ರಕ್ಕೂ ಎರಡು ಅರ್ಧಚಿತ್ರ, ಒಟ್ಟು ಐವತ್ತು. ಅರ್ಧ ಅಂಗುಲ ಅಗಲದ ಟೇಪಿನಲ್ಲಿ ಇವು ಓರೆಗೆರೆಗಳಾಗಿ ಅಚ್ಚಾಗಿರುತ್ತವೆ. ಟೇಪು ಹಿಗ್ಗಿದ್ದರೆ, ಮದರಾಸಿನ ಕಡಲಗಾಳಿಗೆ ಬೂಷ್ಟು ಹಿಡಿದಿದ್ದರೆ, ಚಿತ್ರ ತುಯ್ಯುತ್ತದೆ; ಬೂಷ್ಟು ಹಿಡಿದ ಒಂದು ಟೇಪು ಯಂತ್ರದ ಹೆಡ್ಡನ್ನು ಕೆಡಿಸಿ ಮುಂದಿನ ಹತ್ತು ಟೇಪುಗಳಿಗೂ ರೋಗ ಹಚ್ಚುತ್ತದೆ. ಆದ್ದರಿಂದ ಮೊದಲು ಶುದ್ಧಿ. ಆಮೇಲೆ ಸುಸ್ಥಿತಿಯ ಪ್ಲೇಯರಿನಿಂದ, ತುಯ್ತವನ್ನು ಸರಿಪಡಿಸುವ ಟೈಮ್‌ಬೇಸ್ ಕರೆಕ್ಟರ್ ಎಂಬ ಸಾಧನದ ಮೂಲಕ, 720×576 ಅಳತೆಯಲ್ಲಿ, ಎರಡೂ ಅರ್ಧಚಿತ್ರಗಳನ್ನು ಇದ್ದಂತೆಯೇ ಉಳಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಕಂಪ್ಯೂಟರಿಗೆ ಇಳಿಸಬೇಕು. ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು, ಇದರಲ್ಲಿ ಒಳದಾರಿಯಿಲ್ಲ. ಏನನ್ನೂ ಕಳೆಯದೆ ಕುಗ್ಗಿಸುವ ಎಫ್.ಎಫ್.ವಿ.1 ಎಂಬ ಮುಕ್ತ ವಿಧಾನವಿದೆ. ಅದರಲ್ಲಿಟ್ಟರೆ ಗಂಟೆಗೆ ಸುಮಾರು ಮೂವತ್ತೈದು ಜಿ.ಬಿ. ಹಿಡಿಯುತ್ತದೆ. ಇದು ಮೂಲಪ್ರತಿ. ಇದಕ್ಕೆ ಕತ್ತರಿ ಮುಟ್ಟಕೂಡದು. ಇದರಿಂದ ಇನ್ನೊಂದು ಪ್ರತಿ ತೆಗೆದು, ಅದರ ಮೇಲೆ ನಿಮ್ಮ ಹಾರ-ತುರಾಯಿ ಸಂಗೀತಗಳ ಸಂಕಲನವನ್ನು ಧಾರಾಳವಾಗಿ ಮಾಡಿಕೊಳ್ಳಿ, ನನ್ನ ಅಡ್ಡಿಯಿಲ್ಲ.

ನಮ್ಮ ಕೆಲಸ ಹೇಗಾಯಿತು? ಕೆಲವು ನೂರು ರೂಪಾಯಿಯ ಡಾಂಗಲ್ ಚುಚ್ಚಿ, ಬೇಕಾದ ಕಡೆ ಮಾತ್ರ ಟೇಪು ಓಡಿಸಿ, ಹಿಡಿಯುವಾಗಲೇ ಬಿಗಿಯಾಗಿ ಕುಗ್ಗಿಸಿ, ಅದನ್ನೇ ಕತ್ತರಿಸಿ, ಮತ್ತೊಮ್ಮೆ ಕುಗ್ಗಿಸಿದರು. ಇದೇ ಶಾಸ್ತ್ರ 2000ದ ಆಸುಪಾಸಿನಲ್ಲಿ ವಿ.ಸಿ.ಡಿ. ಬಂದಾಗಲೂ ಮನೆಮನೆಯಲ್ಲಿ ನಡೆದುಹೋಯಿತು. ವಿ.ಸಿ.ಡಿ.ಯ ಅಳತೆ 352×288. ಐವತ್ತು ಅರ್ಧಚಿತ್ರಗಳಲ್ಲಿ ಇಪ್ಪತ್ತೈದನ್ನು ಅದು ಎಸೆದೇಬಿಡುತ್ತದೆ. ಯಕ್ಷಗಾನದ ಧೀಂಗಣದಲ್ಲಿ ವೇಷಧಾರಿ ತಿರುಗುವಾಗ ನಡುನಡುವೆ ಕುಕ್ಕಿದಂತೆ ಕಾಣುವುದು ಕಲಾವಿದನ ದೋಷವಲ್ಲ. ಹೀಗೆ ಇಳಿಸಿದ ಮೇಲೆ ಕ್ಯಾಸೆಟ್ಟನ್ನು ಎಸೆದವರ ಮನೆಯಲ್ಲಿ ಈಗ ಆ ತಟ್ಟೆಯೇ ಮೂಲಪ್ರತಿ, ಮತ್ತು ಮನೆಯಲ್ಲಿ ಬರೆದ ತಟ್ಟೆಗಳ ಬಣ್ಣದ ಪದರವೂ ಕಾಲಕ್ರಮದಲ್ಲಿ ಮಾಸುತ್ತದೆ. ಅಂಥವರು ತಟ್ಟೆಯನ್ನು ಟಿ.ವಿ.ಯಲ್ಲಿ ಓಡಿಸಿ ಮತ್ತೆ ಹಿಡಿಯಲು ಹೋಗಬಾರದು. ಅದರೊಳಗಿನ ಕಡತಗಳನ್ನೇ ಇದ್ದಂತೆ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಬೇಕು.

‘ನೂರು ಗಂಟೆಯನ್ನು ಯಾರು ನೋಡುತ್ತಾರೆ ಸ್ವಾಮಿ?’ ಎಂಬುದು ಸಮಿತಿಯ ಹಿರಿಯರೊಬ್ಬರ ಪ್ರಶ್ನೆ. 1990ರ ಡಿಸೆಂಬರಿನಲ್ಲಿ ಮಾಚಾರಿನ ಗೋಪಾಲ ನಾಯ್ಕರು ಹಲವು ದಿನ ಹಾಡಿದ ತುಳುವಿನ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೋಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರೊಡನೆ ಸೇರಿ ಧ್ವನಿಯಲ್ಲಿಯೂ ವಿಡಿಯೋದಲ್ಲಿಯೂ ಪೂರ್ತಿ ಹಿಡಿದರು. ಅದನ್ನು ಮತ್ತೆ ಮತ್ತೆ ಕೇಳಿ ಬರೆದುಕೊಂಡ 15,683 ಸಾಲುಗಳ ಪಠ್ಯ ಹೊರಬಂದದ್ದು 1998ರಲ್ಲಿ. ಅಷ್ಟು ಗಂಟೆಗಳನ್ನು ಕುಳಿತು ನೋಡುವವರು ಮೂವರು ನಾಲ್ವರೇ ಇದ್ದಿರಬಹುದು. ಅವರಿಗಾಗಿ ಅದು ಇಡಿಯಾಗಿ ಇರಬೇಕಾಗಿತ್ತು. ‘ಯೂಟ್ಯೂಬಿನಲ್ಲಿ ಹಾಕಿದರಾಯಿತು’ ಎನ್ನುವವರಿಗೆ ಒಂದೇ ಮಾತು: ಅದು ಬೀದಿಯ ಪ್ರದರ್ಶನ ಫಲಕ, ಭಂಡಾರವಲ್ಲ, ಏರಿಸಿದ್ದನ್ನು ಅದು ತನ್ನ ಅನುಕೂಲಕ್ಕೆ ಮತ್ತೆ ಕುಗ್ಗಿಸುತ್ತದೆ, ಬೇಡವೆನಿಸಿದಾಗ ತೆಗೆದೂಬಿಡುತ್ತದೆ. ಖರ್ಚಿನ ಲೆಕ್ಕವನ್ನೂ ಮಾಡಿದ್ದೇನೆ. ನಮ್ಮ ಕ್ಯಾಸೆಟ್ಟುಗಳೆಲ್ಲ ಮೂರು ಗಂಟೆಯವೆಂದೇ ಹಿಡಿದರೂ ನಾಲ್ಕೂವರೆ ಸಾವಿರ ಜಿ.ಬಿ. ಮೀರುವುದಿಲ್ಲ, ಐದು ಟಿ.ಬಿ.ಯ ಎರಡು ಡಿಸ್ಕು ಸಾಕು. ಒಂದು ರಾಜ್ಯೋತ್ಸವದ ಶಾಲು-ಪೇಟ-ಸ್ಮರಣಿಕೆಗಳ ಬಾಬತ್ತಿನಲ್ಲಿ ಆ ಎರಡು ಡಿಸ್ಕುಗಳು ಬರುತ್ತವೆ.

ಕಾಯಲು ಕಾಲವೂ ಇಲ್ಲ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪೆನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈಬಿಟ್ಟಿತು. ಟೇಪುಗಳನ್ನು ಉಳಿಸಿಕೊಳ್ಳಲು 2025ನ್ನು ಸುಮಾರು ಗಡುವಾಗಿ ಯುನೆಸ್ಕೋ ಹಾಗೂ ಜಗತ್ತಿನ ಧ್ವನಿ-ದೃಶ್ಯ ಭಂಡಾರಗಳ ತಜ್ಞರು ಮುಂಚೆಯೇ ಎಚ್ಚರಿಸಿದ್ದರು. ಗಡುವು ಬಾಗಿಲಿಗೆ ಬಂದಾಯಿತು. 2015ರ ಡಿಸೆಂಬರ್ ಪ್ರವಾಹದಲ್ಲಿ ಈ ಊರಿನ ಎಷ್ಟು ಮನೆಗಳ ನೆಲಮಾಳಿಗೆಯಿಂದ ಕೆಸರು ತುಂಬಿದ ಕ್ಯಾಸೆಟ್ಟುಗಳು ಬೀದಿಗೆ ಬಂದವೆಂಬುದನ್ನು ಕಂಡವರು ಬಲ್ಲರು.

ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ನಮಗೆ ದೊರೆತಿಲ್ಲ ಎಂದು ವೇದಿಕೆಗಳಲ್ಲಿ ಕಣ್ಣೀರು ಹಾಕುವವರು ನಾವೇ. ‘ಸಂಸ್ಕಾರ’ ಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಳಿ ತಡೆದದ್ದನ್ನು ಇಂದಿಗೂ ಖಂಡಿಸುವವರೂ ನಾವೇ. ಈಗ ನುಂಗಂಬಾಕ್ಕಂನ ಶಾಸ್ತ್ರಿ ಭವನದಲ್ಲಿರುವ ಆ ಮಂಡಳಿ ಏನನ್ನು ಕತ್ತರಿಸಿದರೂ ಕತ್ತರಿಸಿದ್ದರ ಪಟ್ಟಿಯನ್ನಾದರೂ ಬರೆದುಕೊಡುತ್ತದೆ. ಅಲ್ಲಿಂದ ಕೂಗಳತೆಯ ಅಂಗಡಿಯಲ್ಲಿ ನಾವು ಕತ್ತರಿಸಿದ್ದಕ್ಕೆ ಅದೂ ಇಲ್ಲ. ಬೆಂಗಳೂರಿನಲ್ಲಿ ಹದಿನೆಂಟು ವರ್ಷ ಮುಸುಕು ಹಾಕಿ ನಿಲ್ಲಿಸಿದ್ದ ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್ 9ರಂದು ಅನಾವರಣಗೊಂಡು, ನಾಲ್ಕು ದಿನದಲ್ಲಿ ಇಲ್ಲಿ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ ನಿಂತಿತು. ಸಂತೋಷ. ಎರಡು ಸರ್ಕಾರಗಳು ಕೂಡಿದರೆ ಪ್ರತಿಮೆ ಆಗುತ್ತದೆ. ಆದರೆ 1992ರಲ್ಲಿ, ಯಾವ ಸರ್ಕಾರವೂ ಹೇಳದೆ, ಒಂದು ಸಣ್ಣ ಸಭಾಂಗಣದಲ್ಲಿ ಎರಡು ಭಾಷೆಯ ನೆರೆಹೊರೆಯವರು ಆಡಿಕೊಂಡ ಮಾತಿಗೆ ಇರುವುದು ಆ ಒಂದು ಕ್ಯಾಸೆಟ್ಟು. ಅದಕ್ಕೆ ಅನುದಾನ ಕೇಳಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಅರ್ಜಿ ಬರೆಯೋಣ ಎನ್ನುವವರಿದ್ದಾರೆ. ಬರೆಯಲಿ. ಉತ್ತರ ಬರುವವರೆಗೆ ಬೂಷ್ಟು ಕಾಯುವುದಿಲ್ಲ.

ಬರುವ ಸರ್ವಸದಸ್ಯರ ಸಭೆಯಲ್ಲಿ ನಾನು ಈ ನಿರ್ಣಯವನ್ನು ಮಂಡಿಸಲಿದ್ದೇನೆ: ಸಂಘದ ಯಾವ ಕ್ಯಾಸೆಟ್ಟು, ತಟ್ಟೆಯೂ ಪೂರ್ಣ ಪ್ರತಿಯಾಗದೆ ಸಂಕಲನಕ್ಕೆ ಹೋಗತಕ್ಕದ್ದಲ್ಲ, ಪ್ರತಿಯಾದ ಮೇಲೂ ಮೂಲವನ್ನು ಎಸೆಯತಕ್ಕದ್ದಲ್ಲ, ಎರಡು ಡಿಸ್ಕುಗಳಲ್ಲಿ ಒಂದು ಸಂಘದಲ್ಲಿ, ಇನ್ನೊಂದು ಬೇರೆ ಊರಿನ ಸೋದರ ಸಂಘದಲ್ಲಿ ಇರತಕ್ಕದ್ದು, ಪ್ರತಿಯೊಂದರಲ್ಲಿ ಯಾರು, ಎಲ್ಲಿ, ಯಾವಾಗ ಎಂಬುದನ್ನು ಬಲ್ಲ ಹಿರಿಯರಿಂದ ಈಗಲೇ ಬರೆಯಿಸಿಕೊಳ್ಳತಕ್ಕದ್ದು. ವಿರೋಧಿಸುವವರು ಮೊದಲು ಆ 1992ರ ಕ್ಯಾಸೆಟ್ಟನ್ನು ಪೂರ್ತಿ ನೋಡಿ ಬರಲಿ. ಅದು ಸದ್ಯಕ್ಕೆ ನಮ್ಮ ಮನೆಯಲ್ಲಿದೆ. ಪ್ಲೇಯರೂ ಇದೆ, ಇನ್ನೂ ಓಡುತ್ತಿದೆ.