ಅಲ್ಪವಿರಾಮವೂ ಅರ್ಥಗ್ರಹಣವೂ

ಶ್ರೀಮಠದ ಶಾಲೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಘನವಾದ ವಿಷಯಗಳನ್ನೆಲ್ಲ ಬದಿಗಿಟ್ಟು ಅತಿ ಚಿಕ್ಕದೊಂದನ್ನು ಆರಿಸಿಕೊಂಡೆನು. ಅದು ಅಲ್ಪವಿರಾಮ. ಎಳ್ಳುಕಾಳಿನಷ್ಟಿರುವ ಈ ಚಿಹ್ನೆಯನ್ನು ಮಕ್ಕಳಿಗೆ ನಾವು ಹೇಗೆ ಕಲಿಸುತ್ತೇವೆಯೋ ಅದರಿಂದಲೇ, ಓದನ್ನು ಹೇಗೆ ಕಲಿಸುತ್ತಿದ್ದೇವೆಂಬುದು ತಿಳಿದುಬರುತ್ತದೆ.

ನಾಲ್ಕನೆಯ ತರಗತಿಯ ಮಗುವನ್ನು ಲೇಖನ ಚಿಹ್ನೆಗಳಾವುವೆಂದು ಕೇಳಿ ನೋಡಿರಿ. ಪೂರ್ಣವಿರಾಮ, ಅರ್ಧವಿರಾಮ, ಅಲ್ಪವಿರಾಮ, ಪ್ರಶ್ನಾರ್ಥಕ, ಭಾವಸೂಚಕ, ಉದ್ಧರಣ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತದೆ. ಅದೇ ಮಗು ಪಾಠವನ್ನು ಓದತೊಡಗಿದರೆ ಪೂರ್ಣವಿರಾಮವನ್ನು ದಾಟಿ ಓಡುತ್ತದೆ. ಉಸಿರು ತೀರಿದಲ್ಲಿ ನಿಲ್ಲುತ್ತದೆ. ಚಿಹ್ನೆಯ ಹೆಸರು ಬಂದಿತು, ಚಿಹ್ನೆಯ ಕೆಲಸ ಬರಲಿಲ್ಲ.

ಆ ಕೆಲಸವೇನೆಂಬುದಕ್ಕೆ ಒಂದು ವಾಕ್ಯವನ್ನು ನೋಡೋಣ. 'ಅಜ್ಜಿ ನಗುತ್ತ ಬಂದ ಮೊಮ್ಮಗನನ್ನು ಅಪ್ಪಿಕೊಂಡಳು.' ಇಲ್ಲಿ ನಕ್ಕವರು ಯಾರು? 'ಅಜ್ಜಿ' ಎಂಬಲ್ಲಿ ಅಲ್ಪವಿರಾಮವಿಟ್ಟರೆ ನಗು ಮೊಮ್ಮಗನದು. 'ನಗುತ್ತ' ಎಂಬಲ್ಲಿ ಇಟ್ಟರೆ ಅಜ್ಜಿಯದು. 'ಗೌರಿ ಅಕ್ಕ ಕರೆಯುತ್ತಾಳೆ' ಎಂದರೆ ಕರೆಯುವವಳು ಗೌರಿ. 'ಗೌರಿ, ಅಕ್ಕ ಕರೆಯುತ್ತಾಳೆ' ಎಂದರೆ ಗೌರಿಯೇ ಎದ್ದು ಹೋಗಬೇಕಾದವಳು. ಹೀಗಿರುವಲ್ಲಿ ವಿರಾಮವನ್ನು ಬರವಣಿಗೆಯ ಅಲಂಕಾರವೆಂದು ಭಾವಿಸುವುದು ತಪ್ಪು. ಅರ್ಥವನ್ನು ತಿಳಿದವನು ಮಾತ್ರ ನಿಲ್ಲಬೇಕಾದಲ್ಲಿ ನಿಲ್ಲಬಲ್ಲನು.

ನಮ್ಮ ಪೂರ್ವಿಕರಿಗೆ ಈ ಚಿಹ್ನೆಗಳ ನೆರವಿರಲಿಲ್ಲ. ತಾಳೆಯೋಲೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲದೆ ಅಕ್ಷರಗಳು ಸಾಲಾಗಿ ಸಾಗುತ್ತಿದ್ದವು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟವನ್ನು ತೆರೆದರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಬಂದಿತು. ಇಂದಿನ ಚಿಹ್ನೆಗಳು ನಮ್ಮಲ್ಲಿ ಬೇರೂರಿದುದು ಇಂಥ ಮುದ್ರಣದ ಬೆಳವಣಿಗೆಯೊಡನೆ. ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗಟ್ಟುಗಳನ್ನು ಅರಸಿ ತಂದು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದಾಗ, ಅಂಥ ಓಲೆಗಳಲ್ಲಿ ಮಾತು ಎಲ್ಲಿ ನಿಲ್ಲುತ್ತದೆಂಬುದನ್ನು ಅರ್ಥದಿಂದಲೇ ನಿರ್ಣಯಿಸಬೇಕಾಗಿದ್ದಿತು. ಇಂದು ನಮ್ಮ ಮಕ್ಕಳು ಪ್ರಾರ್ಥನೆಯಲ್ಲಿ ಹೇಳುವ ವಚನಗಳ ಹಿಂದೆ ಆ ಬಗೆಯ ಓದಿನ ತಪಸ್ಸಿದೆ.

'ಮೊದಲು ಬಾಯಿಪಾಠವಾಗಲಿ, ಅರ್ಥ ಆಮೇಲೆ ತಾನಾಗಿ ಬರುತ್ತದೆ. ನೀವೂ ಹಾಗೆಯೇ ಕಲಿತವರಲ್ಲವೆ?' ಎಂದು ಕೆಲವು ಅಧ್ಯಾಪಕ ಮಿತ್ರರು ನನ್ನನ್ನು ಕೇಳುವುದುಂಟು. ಹೌದು, ನಾನೂ ಅಮರಕೋಶವನ್ನು ಉರುಹಚ್ಚಿದವನೇ. ಆದರೆ ಪಾಠಶಾಲೆಯ ಪದ್ಧತಿ ಅಲ್ಲಿಗೆ ಮುಗಿಯುತ್ತಿರಲಿಲ್ಲ. ವ್ಯಾಖ್ಯಾನಕ್ಕೆ ಐದು ಅಂಗಗಳೆಂದು ನಮಗೆ ಹೇಳಿಕೊಟ್ಟಿದ್ದರು: ಪದಚ್ಛೇದ, ಪದಾರ್ಥ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪಕ್ಕೆ ಸಮಾಧಾನ. ಖಂಡಾನ್ವಯ ಕ್ರಮದಲ್ಲಿ ಗುರುಗಳು ಮೊದಲು ಕ್ರಿಯಾಪದವನ್ನು ಹಿಡಿದು, ಯಾರು, ಏನನ್ನು, ಯಾವುದರಿಂದ, ಎಂಥವನು ಎಂದು ಒಂದೊಂದಾಗಿ ಕೇಳುತ್ತಿದ್ದರು. ಶಿಷ್ಯನು ಶಂಕೆಯನ್ನೆತ್ತಿದರೆ ಅದೂ ಪಾಠದ ಅಂಗವೇ ಆಗಿದ್ದಿತು. ನಾವು ಬಾಯಿಪಾಠವನ್ನು ಉಳಿಸಿಕೊಂಡು ಅನ್ವಯವನ್ನೂ ಆಕ್ಷೇಪವನ್ನೂ ಕೈಬಿಟ್ಟೆವು. ಬಳಿಕ ಇದನ್ನೇ ಪರಂಪರೆಯೆಂದು ಕರೆಯತೊಡಗಿದೆವು.

ನಮ್ಮ ಪ್ರಶ್ನೆಪತ್ರಿಕೆಗಳೂ ಇದಕ್ಕೆ ಹೊಣೆಯಾಗಿವೆ. ಒಮ್ಮೆ ನಾನು ಕರಿಹಲಗೆಯ ಮೇಲೆ 'ಪಿಂಪನು ಸೊಲ್ಲೆಯಲ್ಲಿ ದಂಬಿಯನ್ನು ತಕ್ಕಿದನು' ಎಂದು ಬರೆದೆನು. ಕ್ರಿಯೆಯ ಮೂಲವೂ ನಾಮಪದಗಳೂ ನನ್ನ ಕಲ್ಪನೆ, ಅವಕ್ಕೆ ಅರ್ಥವಿಲ್ಲ. 'ಪಿಂಪನು ಏನನ್ನು ತಕ್ಕಿದನು?' ಎಂದು ಕೇಳಿದೊಡನೆ ತರಗತಿಗೆ ತರಗತಿಯೇ 'ದಂಬಿಯನ್ನು' ಎಂದಿತು. ಎಲ್ಲಿ ಎಂದರೆ 'ಸೊಲ್ಲೆಯಲ್ಲಿ.' ಉತ್ತರಗಳೆಲ್ಲ ಸರಿ! ವಿಭಕ್ತಿ ಪ್ರತ್ಯಯವನ್ನು ಹಿಡಿದುಕೊಂಡು ಅರ್ಥದ ಗೊಡವೆಯಿಲ್ಲದೆ ಪೂರ್ಣಾಂಕ ಗಳಿಸಬಹುದೆಂದು ಅಂದು ನನಗೆ ಮನವರಿಕೆಯಾಯಿತು. ಇಂಥ ಉತ್ತರಗಳಿಗೆ ನಾನೇ ಎಷ್ಟು ವರ್ಷ ಕೆಂಪು ಶಾಯಿಯಲ್ಲಿ 'ಸರಿ' ಗುರುತು ಹಾಕಿದೆನೋ ಲೆಕ್ಕವಿಲ್ಲ.

ಆದಕಾರಣ ನನ್ನ ಸಹೋದ್ಯೋಗಿಗಳಲ್ಲಿ ಮೂರು ವಿಜ್ಞಾಪನೆಗಳಿವೆ. ಮೊದಲನೆಯದು, ಪಾಠವನ್ನು ಮಕ್ಕಳಿಂದ ಓದಿಸುವ ಮುನ್ನ ಅಧ್ಯಾಪಕರು ತಾವೇ ಭಾವವರಿತು ಗಟ್ಟಿಯಾಗಿ ಓದಬೇಕು. 'ಮಳೆ ಬಂತು' ಎಂಬುದನ್ನು ಸುದ್ದಿಯಂತೆ, ಪ್ರಶ್ನೆಯಂತೆ, ಹಿಗ್ಗಿನಂತೆ ಮೂರು ಬಗೆಯಾಗಿ ಹೇಳಿದರೆ ಚಿಹ್ನೆಗಳು ಕಿವಿಯಿಂದಲೇ ಒಳಗಿಳಿಯುತ್ತವೆ. ಎರಡನೆಯದು, ಚಿಹ್ನೆಗಳನ್ನೆಲ್ಲ ತೆಗೆದ ಐದಾರು ವಾಕ್ಯಗಳನ್ನು ಕೊಟ್ಟು ಮಗುವೇ ಅವನ್ನು ಇಡುವಂತೆ ಮಾಡಬೇಕು. ಇಲ್ಲೇಕೆ ಇಟ್ಟೆ ಎಂದು ಕೇಳಬೇಕು. ಮೂರನೆಯದು, ಪ್ರತಿ ಪಾಠಕ್ಕೂ ಪುಸ್ತಕದ ಮಾತಿನಲ್ಲಿ ಉತ್ತರ ಸಿಗದ ಪ್ರಶ್ನೆಯೊಂದಿರಬೇಕು.

ಆ ಉತ್ತರ ಮನೆಯ ಮಾತಿನಲ್ಲಿ ಬಂದರೆ ಗದರಿಸಲಾಗದು. ಅಜ್ಜಿಯ ವಾಕ್ಯವನ್ನೇ ಕೊಟ್ಟು, ಆಕೆ ಏಕೆ ಅಪ್ಪಿಕೊಂಡಳೆಂದು ಕೇಳಿದಾಗ, ಎಂದೂ ಬಾಯ್ಬಿಡದ ಹುಡುಗನೊಬ್ಬ, 'ಭಾಳ ದಿನದ ಮ್ಯಾಲ ಬಂದಾನ್ರೀ, ಅದಕ್ಕ' ಎಂದನು. ವಾಕ್ಯದಲ್ಲಿ ಆ ಸಂಗತಿಯಿಲ್ಲ. ಅವನು ಪ್ರಸಾದನಿಲಯದ ಹುಡುಗ; ರಜೆಗೆ ಊರಿಗೆ ಹೋದಾಗ ತನ್ನ ಅಜ್ಜಿ ಮಾಡುವುದನ್ನು ಕಂಡಿದ್ದನು. ಗ್ರಂಥಸ್ಥ ಭಾಷೆಯನ್ನೇ ಉಸಿರಾಡಿದ ನನಗೆ ಅದನ್ನು ತಿದ್ದುವ ಮನಸ್ಸಾಗಲಿಲ್ಲ. ಭಾಷೆಯನ್ನು ನಾಳೆ ತಿದ್ದಬಹುದು. ತಿಳಿದದ್ದನ್ನು ಹೇಳುವ ಧೈರ್ಯ ಒಮ್ಮೆ ಮುದುಡಿದರೆ ಮತ್ತೆ ಅರಳುವುದು ಕಷ್ಟ.

ದಾನಿಗಳ ಔದಾರ್ಯದಿಂದ ಕೊಠಡಿಗಳು ಎದ್ದಿವೆ, ಪುಸ್ತಕಗಳು ಬಂದಿವೆ. ಆ ಪುಸ್ತಕಗಳು ಮಕ್ಕಳೊಡನೆ ಮಾತಾಡಬೇಕಾದರೆ, ನಾವು ಪಾಠ ಮುಗಿಸುವ ಅವಸರವನ್ನು ಬಿಟ್ಟು, ಒಂದು ವಾಕ್ಯದ ಬಳಿ ಮಗುವಿನೊಂದಿಗೆ ಕ್ಷಣಕಾಲ ನಿಲ್ಲಬೇಕು. ಅಲ್ಪವಿರಾಮವು ಮೊದಲು ಬೇಕಾಗಿರುವುದು ಅಧ್ಯಾಪಕರಾದ ನಮಗೆ.